ಕಾವಲುಗಾರರೇ ಕಟ್ಟುವ ಗಂಟು



ಸಾಂಬ್ರಾ ವಿಮಾನ ನಿಲ್ದಾಣದ ಕಾವಲುಗಾರರೆಲ್ಲ ರನ್‌ವೇ ಮೇಲೆಯೇ ಗುಂಪುಗೂಡಿದರೆ ವಿಮಾನ ಇಳಿಯುವುದೆಲ್ಲಿ? ಸಾರ್ಕಾಯ್ಡೋಸಿಸ್ ಕಾಯಿಲೆಯಲ್ಲಿ ಶ್ವಾಸಕೋಶದ ಗತಿಯೂ ಹೀಗೆಯೇ.

ಯಾವುದೋ ಪ್ರಚೋದನೆಗೆ ಕೆರಳಿದ ಟಿ-ಕೋಶಗಳು ಇಂಟರ್‌ಫೆರಾನ್-ಗಾಮಾ ಎಂಬ ರಾಸಾಯನಿಕ ಸಂದೇಶ ಕಳುಹಿಸುತ್ತವೆ. ಆಗ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು ಒತ್ತೊತ್ತಾಗಿ ಸೇರಿ ಸಣ್ಣ ಗಂಟುಗಳಾಗುತ್ತವೆ. ಇವೇ ಗ್ರ್ಯಾನ್ಯುಲೋಮಾ. ಅನೇಕರಲ್ಲಿ ಅವು ತಾವಾಗಿಯೇ ಕರಗುತ್ತವೆ. ಕೆಲವರಲ್ಲಿ ಹಾಗೇ ಉಳಿದು, ಮೃದುವಾದ ಅಂಗಾಂಶ ನಾರುಗಟ್ಟಿ, ಉಸಿರಾಟ ಕಷ್ಟವಾಗುತ್ತದೆ.

ಎಕ್ಸ್-ರೇಯಲ್ಲಿ ಇದು ಕ್ಷಯದಂತೆ ಕಾಣಬಹುದು. ಆದರೆ ಇದು ಅಂಟುರೋಗವಲ್ಲ. ಕ್ಷಯದ ಔಷಧಿಯಿಂದ ಗುಣವಾಗದು. ಇದಕ್ಕೆ ಬೇಕಾಗಬಹುದಾದ ಸ್ಟೀರಾಯ್ಡ್, ಕ್ಷಯವನ್ನು ಗುರುತಿಸದೆ ಕೊಟ್ಟರೆ ಅಪಾಯಕಾರಿ. ಆದ್ದರಿಂದಲೇ ಕಫ ಪರೀಕ್ಷೆ, ಬಯಾಪ್ಸಿ ಮುಖ್ಯ. ಮನೆಯಲ್ಲಿ ಯಾರಿಗಾದರೂ ಎರಡು ವಾರ ದಾಟಿ ಕೆಮ್ಮಿದ್ದರೆ ಊಹೆಗೆ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ.