ಕೆರೆ, ಕರೆಂಟು ಮತ್ತು ನಮ್ಮ ಸಂಘದ ಸಾಲ
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬದ ದಿನ ಸಂಘ ಬೆಳೆದುಬಂದ ದಾರಿಯನ್ನು ಕೊಂಡಾಡುವುದು ವಾಡಿಕೆ. ಷೇರು ಬಂಡವಾಳ, ಠೇವಣಿ, ವಸೂಲಾತಿ ಇವುಗಳ ಲೆಕ್ಕವನ್ನು ಕಾರ್ಯದರ್ಶಿಗಳು ಆಗಲೇ ಓದಿದ್ದಾರೆ. ಆ ಲೆಕ್ಕದಲ್ಲಿ ಬಾರದೆ ಉಳಿದ ಒಂದು ಬಾಕಿಯ ಬಗ್ಗೆ ನಾವು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಅದು ನೀರಿನ ಬಾಕಿ. ಊರಿನ ಹೆಸರಿನಲ್ಲೇ ಕೆರೆ ಇಟ್ಟುಕೊಂಡಿರುವ ಯಲ್ಲದಕೆರೆಯವರು ನೀರಿನ ಮಾತಾಡದೆ ಹಬ್ಬ ಮುಗಿಸಿದರೆ ಸರಿಯಾಗುವುದಿಲ್ಲ.

ನಮ್ಮ ತಾಲ್ಲೂಕಿನಲ್ಲಿ ನೀರಿಗೆ ದೊಡ್ಡ ಹೆಸರು ಇಲ್ಲದೆ ಇಲ್ಲ. ಮೈಸೂರು ಸಂಸ್ಥಾನದವರು 1898ರಲ್ಲಿ ಶುರು ಮಾಡಿ 1907ರಲ್ಲಿ ಮುಗಿಸಿದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ನಮ್ಮ ಹಿರಿಯೂರು ತಾಲ್ಲೂಕಿನಲ್ಲೇ ಇದೆ. 130 ಅಡಿ ನೀರು ನಿಲ್ಲುವ, ಸುಮಾರು 30 ಟಿ.ಎಂ.ಸಿ. ಹಿಡಿಯುವ ಅಣೆಕಟ್ಟು. ಅದು 1933ರಲ್ಲಿ ಒಂದು ಸಲ ಕೋಡಿ ಬಿತ್ತು. ಆಮೇಲೆ ಕೋಡಿ ಬಿದ್ದಿದ್ದು 2022ರಲ್ಲಿ, 89 ವರ್ಷಕ್ಕೆ. ಇಲ್ಲಿ ಕೂತಿರುವ ಎಷ್ಟೋ ಜನ ಬಾಗಿನ ನೋಡಲು ಟ್ರ್ಯಾಕ್ಟರ್ ಕಟ್ಟಿಕೊಂಡು ಹೋಗಿದ್ದೆವು. 2025ರ ಜನವರಿಯಲ್ಲಿ ಮತ್ತೆ ತುಂಬಿತು. ಆದರೆ ಅಚ್ಚುಕಟ್ಟಿನ ಹೊರಗೆ ಇರುವ ನಮಗೆ ಅದು ನೋಡುವ ನೀರು, ಹೊಲಕ್ಕೆ ಬರುವ ನೀರಲ್ಲ.

2022ರಲ್ಲಿ ವೇದಾವತಿ ದಡದ ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ಮರುವರ್ಷ 2023ರಲ್ಲಿ ಮುಂಗಾರು ಕೈಕೊಟ್ಟು, ಸರ್ಕಾರ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು, ನಮ್ಮದೂ ಸೇರಿ. ಹನ್ನೆರಡು ತಿಂಗಳ ಅಂತರದಲ್ಲಿ ನೆರೆಯೂ ಆಯಿತು, ಬರವೂ ಆಯಿತು. ಬರ ನಮಗೆ ಹೊಸದಲ್ಲ. ನಮ್ಮ ಕಡೆ ವರ್ಷದ ಮಳೆ 600 ಮಿ.ಮೀ. ಮುಟ್ಟುವುದೇ ಕಷ್ಟ. ಹೊಸದೇನೆಂದರೆ ಮಳೆ ಬೀಳುವ ರೀತಿ. ಸೋನೆ ಹಿಡಿದು ಮೂರು ದಿನ ಬೀಳುತ್ತಿದ್ದದ್ದು ಈಗ ಒಂದೇ ರಾತ್ರಿ ಸುರಿದು, ಹೊಲದ ಮೇಲ್ಮಣ್ಣು ಹೊತ್ತುಕೊಂಡು ಹೋಗುತ್ತದೆ. ಅಂಥ ಮಳೆಯನ್ನು ಹಿಡಿದು ನಿಲ್ಲಿಸಲಿಕ್ಕೇ ಹಿರಿಯರು ಕೆರೆ ಕಟ್ಟಿದ್ದು.

ಹಾಗಾದರೆ ಕೆರೆಗೆ ಏಕೆ ನೀರು ಬರುತ್ತಿಲ್ಲ? ಮಳೆ ಕಡಿಮೆಯಾಯಿತು ಎಂದು ಎಲ್ಲರೂ ಹೇಳುತ್ತೇವೆ. ಅದು ಅರ್ಧ ಸತ್ಯ. ಕೆರೆಗೆ ನೀರು ತರುವ ಹಳ್ಳದ ಗುಂಟ ಒಂದು ಸಲ ನಡೆದು ನೋಡಿರಿ. ಬಂಡಿ ಇಳಿದು ಹತ್ತುವಷ್ಟು ಅಗಲವಿದ್ದ ಹಳ್ಳ ಕೆಲವು ಕಡೆ ಬದುವಿನ ಪಕ್ಕದ ಬಸಿಗಾಲುವೆಯ ಹಾಗಾಗಿದೆ. ಉಳಿದ ಜಾಗವನ್ನು ಸೀಮೆಜಾಲಿ ತಿಂದಿದೆ, ಇನ್ನುಳಿದದ್ದನ್ನು ನಾವು ತಿಂದಿದ್ದೇವೆ. ಯಾರದೋ ಹೆಸರು ಹೇಳಿ ನಾವು ತಪ್ಪಿಸಿಕೊಳ್ಳುವುದಿಲ್ಲ. ನಮ್ಮ ಹೊಲವೂ ಆ ಹಳ್ಳದ ದಂಡೆಗೇ ಇದೆ. ನಮ್ಮ ತಂದೆಯವರ ಕಾಲದಲ್ಲಿ ಬದು ಎರಡು ಸಾಲು ಆಚೆ ಹೋಯಿತು, ನಮ್ಮ ಕಾಲದಲ್ಲಿ ಇನ್ನೆರಡು ಸಾಲು. ಅಲ್ಲಿ ಈಗ ನಾಲ್ಕು ತೆಂಗಿನ ಗಿಡ ಇವೆ. ಪಹಣಿಯಲ್ಲಿ ಇಲ್ಲದ ಜಾಗದ ಎಳನೀರನ್ನು ನಾವು ಕುಡಿದಿದ್ದೇವೆ.

ಕೆರೆ ಬತ್ತಿದ ಮೇಲೆ ಬೋರ್ ಬಂತು. ಬಾವಿಗೆ ಇಳಿದು ನೀರು ನೋಡುತ್ತಿದ್ದ ಊರು ನಮ್ಮದು. ಈಗ ತೆಂಗಿನಕಾಯಿ ಅಂಗೈಯಲ್ಲಿಟ್ಟುಕೊಂಡು ಪಾಯಿಂಟ್ ಹೇಳುವವರನ್ನು ಕರೆಸುತ್ತೇವೆ. ಕಾಯಿ ಎದ್ದು ನಿಂತ ಜಾಗಕ್ಕೆ ರಿಗ್ ಲಾರಿ ಬರುತ್ತದೆ. ರಾತ್ರಿಯೆಲ್ಲ ಸದ್ದು, ಬೆಳಗಾದರೆ ಬಿಳಿ ಪುಡಿ. ನಮ್ಮ ಹೊಲದಲ್ಲಿ ಮೂರು ಕೊರೆಸಿದೆವು. ಒಂದು ಫೇಲ್, ಒಂದು ಎರಡು ವರ್ಷ ಕೊಟ್ಟು ನಿಂತಿತು, ಮೂರನೆಯದು ಈಗ ತಾಸು ಓಡಿ ತಾಸು ಬಿಡುತ್ತದೆ. ಇಲ್ಲಿರುವ ಬಹಳಷ್ಟು ಜನರದ್ದು ಇದೇ ಕಥೆ ಎಂದು ಗೊತ್ತು, ಅದಕ್ಕೇ ಉದ್ದ ಮಾಡುವುದಿಲ್ಲ.

ಇಲ್ಲಿಗೆ ಸಂಘದ ಮಾತು ಬಂತು. ಸಂಘ ಕೊಡುವುದು ಬೆಳೆ ಸಾಲ. ಕಾಗದದಲ್ಲಿ ಶೇಂಗಾ, ರಾಗಿ, ಈರುಳ್ಳಿ ಎಂದು ಬರೆಯುತ್ತೇವೆ. ಆ ದುಡ್ಡು ಎಷ್ಟು ಸಲ ಬೀಜಕ್ಕೆ, ಗೊಬ್ಬರಕ್ಕೆ ಹೋಯಿತು, ಎಷ್ಟು ಸಲ ರಿಗ್ ಲಾರಿಯವರ ಕೈ ಸೇರಿತು ಎಂಬುದು ಕೊಟ್ಟ ನಮಗೂ ಗೊತ್ತು, ತಗೊಂಡ ನಿಮಗೂ ಗೊತ್ತು. 2017ರಲ್ಲಿ ಸಹಕಾರ ಸಂಘಗಳ ಬೆಳೆ ಸಾಲದಲ್ಲಿ 50 ಸಾವಿರದವರೆಗೆ ಮನ್ನಾ ಆಯಿತು, 2018ರಲ್ಲಿ ಒಂದು ಲಕ್ಷದವರೆಗೆ ಆಯಿತು. 2023ರಲ್ಲಿ ಬಡ್ಡಿಯಿಲ್ಲದ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಒಳ್ಳೆಯದೇ. ಆದರೆ ಮನ್ನಾ ಆದದ್ದು ಸಂಘದ ಸಾಲ. ಬೋರಿಗೆಂದು ಕೈಬಡ್ಡಿಗೆ ತಂದದ್ದು ಮನ್ನಾ ಆಗಲಿಲ್ಲ. ಒಣಗಿದ ತೆಂಗಿಗೆ ಟ್ಯಾಂಕರಿನಲ್ಲಿ ನೀರು ಹೊಡೆಸಿದ ಖರ್ಚು ಮನ್ನಾ ಆಗಲಿಲ್ಲ. ಮನೆಯ ಹೆಣ್ಣುಮಕ್ಕಳ ಕಿವಿಯ ಓಲೆ ಅಡವಿನಂಗಡಿಯಿಂದ ವಾಪಸ್ಸು ಬರಲಿಲ್ಲ.

ಇನ್ನು ಕರೆಂಟು. 10 ಹೆಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ 2008ರಿಂದ ಉಚಿತ. ಅದನ್ನು ತೆಗೆಯಿರಿ ಎಂದು ನಾವು ಹೇಳುತ್ತಿಲ್ಲ, ಹೇಳಿದರೆ ಊಟಕ್ಕೆ ಮುಂಚೆಯೇ ನಮ್ಮನ್ನು ಕಳಿಸಿಬಿಡುತ್ತೀರಿ. ಕಾಲುವೆ ನೀರಾವರಿಯವರಿಗೆ ಸರ್ಕಾರ ಅಣೆಕಟ್ಟನ್ನೇ ಕಟ್ಟಿ ಕೊಟ್ಟಿದೆ. ಬಯಲುಸೀಮೆಯವನು ಸ್ವಂತ ದುಡ್ಡಲ್ಲಿ ಭೂಮಿ ಕೊರೆಸಿದ್ದಾನೆ, ಅವನಿಗೆ ಕರೆಂಟಾದರೂ ಕೊಡಬೇಕಾದದ್ದು ನ್ಯಾಯ. ನಮ್ಮ ತಕರಾರು ಇರುವುದು ನಾವು ಅದನ್ನು ಬಳಸುವ ರೀತಿಯ ಮೇಲೆ. ಎಲ್ಲರ ಸ್ಟಾರ್ಟರಿಗೂ ಆಟೋ ಹಾಕಿಸಿದ್ದೇವೆ. ರಾತ್ರಿ ಎಷ್ಟೊತ್ತಿಗೆ ತ್ರೀ ಫೇಸ್ ಬಂದರೂ ಒಂದು ಟಿ.ಸಿ.ಯ ಮೇಲಿನ ಅಷ್ಟೂ ಮೋಟರು ಒಂದೇ ಉಸಿರಿಗೆ ಏಳುತ್ತವೆ. ವೋಲ್ಟೇಜು ಬೀಳುತ್ತದೆ, ಯಾರದೋ ಮೋಟರು ಸುಡುತ್ತದೆ, ಕೊನೆಗೆ ಟಿ.ಸಿ.ಯೇ ಸುಡುತ್ತದೆ. ನೆನೆದ ಹೊಲಕ್ಕೇ ನೀರು ಮತ್ತೆ ಹರಿಯುತ್ತಿರುತ್ತದೆ, ಯಜಮಾನರು ಮನೆಯಲ್ಲಿ ಗೊರಕೆ ಹೊಡೆಯುತ್ತಿರುತ್ತಾರೆ. ನಾವು ಎತ್ತದಿದ್ದರೆ ಪಕ್ಕದವನು ಎತ್ತುತ್ತಾನೆ ಎಂಬ ಭಯವೇ ಆ ಆಟೋ ಸ್ವಿಚ್ಚು.

2023ರ ಸೆಪ್ಟೆಂಬರಿನಿಂದ ಹೊಸ ಪಂಪ್‌ಸೆಟ್ಟಿಗೆ ಕಂಬ, ತಂತಿ, ಟಿ.ಸಿ.ಯ ಖರ್ಚು ರೈತನ ಮೇಲೆಯೇ ಬಿತ್ತು. ಲೈನಿನಿಂದ 500 ಮೀಟರಿಗಿಂತ ದೂರ ಇರುವವರಿಗೆ ಕುಸುಮ್ ಯೋಜನೆಯ ಸೋಲಾರ್ ಪಂಪು ಎಂದರು. ರಾಜ್ಯದ್ದು ಶೇ. 50, ಕೇಂದ್ರದ್ದು ಶೇ. 30, ರೈತನದು ಶೇ. 20. ಇದರಲ್ಲಿ ಲೈನ್‌ಮನ್ನಿಗೆ ಕೈಮುಗಿಯುವ ಕೆಲಸವಿಲ್ಲ, ರಾತ್ರಿ ಹಾವು ಚೇಳಿನ ಭಯವಿಲ್ಲ. ಆದರೆ ಬಿಸಿಲಿಗೆ ಬರಗಾಲವಿಲ್ಲದ ಊರು ನಮ್ಮದು. ಬೆಳಗಿನಿಂದ ಸಂಜೆವರೆಗೆ ಬಿಟ್ಟಿ ಬಿಸಿಲಿನಲ್ಲಿ ಎತ್ತಿದರೆ ಕೆಳಗಡೆ ಉಳಿಯುವುದೇನು? ಎತ್ತುವ ಶಕ್ತಿ ಹೆಚ್ಚಾದಂತೆ ಇಂಗುವ ನೀರೂ ಹೆಚ್ಚಾಗಬೇಕಲ್ಲ.

ಪಕ್ಕದ ಪಾವಗಡದಲ್ಲಿ ಬಿಸಿಲಿಗೇ ಭೂಮಿ ಬಿಟ್ಟುಕೊಟ್ಟರು. ತಿರುಮಣಿ ಸುತ್ತಿನ ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆ, ಎಕರೆಗೆ ವರ್ಷಕ್ಕೆ 21 ಸಾವಿರ ಬಾಡಿಗೆಯಿಂದ ಶುರುವಾಯಿತು. ಮಳೆ ನಂಬಿ ಕೆಟ್ಟವರಿಗೆ ಅದು ಗ್ಯಾರಂಟಿ ದುಡ್ಡು, ನಾವು ಹಗುರವಾಗಿ ಆಡುವುದಿಲ್ಲ. ಆದರೆ ಬಾಡಿಗೆ ಬಂದದ್ದು ಪಹಣಿ ಇದ್ದವರಿಗೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬೇಲಿ ಬಂತು. ನಮ್ಮ ಸದಸ್ಯರಲ್ಲಿ ಪಹಣಿ ಇಲ್ಲದವರೂ ಇದ್ದಾರೆ, ಕುರಿ ನಂಬಿದವರೂ ಇದ್ದಾರೆ. ಅಂಥ ಏಜೆಂಟರು ಇಲ್ಲಿಗೂ ಬಂದರೆ, ಒಬ್ಬೊಬ್ಬರೇ ಮನೆಯ ಜಗುಲಿಯಲ್ಲಿ ಸಹಿ ಹಾಕುವ ಮೊದಲು ಈ ಸಂಘದ ಸಭೆಯಲ್ಲಿ ಒಂದು ಮಾತು ಆಗಲಿ.

ಈಗ ಎಲ್ಲರ ಬಾಯಲ್ಲಿ ಇರುವುದು ಭದ್ರಾ ಮೇಲ್ದಂಡೆ. ತುಂಗೆಯಿಂದ ಭದ್ರೆಗೆ, ಭದ್ರೆಯಿಂದ ಮೇಲಕ್ಕೆತ್ತಿ 29.90 ಟಿ.ಎಂ.ಸಿ. ನೀರು, 2,25,515 ಹೆಕ್ಟೇರಿಗೆ ಹನಿ ನೀರಾವರಿ, 367 ಕೆರೆಗಳಿಗೆ ಅರ್ಧದಷ್ಟು ನೀರು. 2019ರಲ್ಲಿ ಆ ನೀರು ಅಜ್ಜಂಪುರದ ಸುರಂಗ ದಾಟಿ ಮೊದಲ ಸಲ ವಾಣಿವಿಲಾಸಕ್ಕೆ ಇಳಿಯಿತು. 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಎಂದು ಘೋಷಿಸಿದರು. ಆ ದುಡ್ಡಿಗಾಗಿ ಆಮೇಲೆ ನಡೆದ ಜಗ್ಗಾಟವನ್ನು ಪೇಪರಿನಲ್ಲಿ ಓದಿದ್ದೀರಿ. ಗಾಯತ್ರಿ ಜಲಾಶಯಕ್ಕೆ, ನಮ್ಮ ಭಾಗದ ಕೆರೆಗಳಿಗೆ ನೀರು ಹರಿಸಿ ಎಂದು ರೈತರು ಬೀದಿಗಿಳಿದದ್ದೂ ಗೊತ್ತಿದೆ. ಆ ಹೋರಾಟ ಸರಿಯಾದದ್ದೇ, ಅದು ಮುಂದುವರಿಯಬೇಕು.

ಆದರೆ ನಾಳೆ ನೀರು ಬಂದೇ ಬಂತು ಎನ್ನೋಣ. ಅರ್ಧ ಕೆರೆ ತುಂಬಿತು. ಏರಿಯ ಹಿಂದೆ ಅಂಗಳಕ್ಕೇ ಮೋಟರು ಇಳಿಸಿ ಪೈಪು ಎಳೆದುಕೊಳ್ಳುವವರು ಯಾರು? ಕೆರೆಯ ಅಂಚಿನಲ್ಲಿ ಹೊಸ ಬೋರು ಕೊರೆಸಿ ಅಡಿಕೆ ಇಡುವವರು ಯಾರು? ಕೈಯಲ್ಲಿ ದುಡ್ಡಿದ್ದವರು. ತೂಬಿನ ಕೆಳಗಿನ ಅರ್ಧ ಎಕರೆಯವನಿಗೆ ಕೆಸರೂ ಸಿಗುವುದಿಲ್ಲ. ಮೊದಲು ಊರಿಗೊಬ್ಬ ನೀರುಗಂಟಿ ಇದ್ದ. ಯಾವ ಗದ್ದೆಗೆ ಎಷ್ಟು ಹೊತ್ತು ಎಂಬುದು ಅವನ ಲೆಕ್ಕ. ಗೌಡರ ಗದ್ದೆಗಾದರೂ ಸರದಿ ತಪ್ಪಿಸಿ ಬಿಟ್ಟರೆ ಊರು ಕೇಳುತ್ತಿತ್ತು. ಸುಗ್ಗಿಯಲ್ಲಿ ಅವನಿಗೆ ಕಾಳು ಅಳೆದು ಕೊಡುತ್ತಿದ್ದರು. ಕೆರೆ ಬತ್ತಿತು, ನೀರುಗಂಟಿ ಹೋದ, ಆ ಲೆಕ್ಕವೂ ಹೋಯಿತು. ಬೆಂಗಳೂರು ದಿಲ್ಲಿಯ ರಾಜಕೀಯವನ್ನು ಬಯ್ಯುವುದು ಸುಲಭ, ತೂಬಿನ ಬಾಯಲ್ಲಿ ನಡೆಯುವ ರಾಜಕೀಯ ನಮ್ಮದೇ.

ಇದೆಲ್ಲ ಆಗುವ ಮಾತಲ್ಲ ಎನ್ನುವವರಿಗೆ ಒಂದು ಉದಾಹರಣೆ. ಮಹಾರಾಷ್ಟ್ರದ ಹಿಂದಿನ ಅಹಮದ್‌ನಗರ, ಈಗಿನ ಅಹಲ್ಯಾನಗರ ಜಿಲ್ಲೆಯ ಹಿವರೆ ಬಜಾರ್ ಎಂಬ ಊರು ನಮ್ಮಂಥದೇ ಮಳೆ ಕಡಿಮೆಯ ಊರು. ಸರಪಂಚರಾಗಿದ್ದ ಪೋಪಟರಾವ್ ಪವಾರರ ಮುಂದಾಳ್ತನದಲ್ಲಿ ಅಲ್ಲಿಯವರು ಬೆಳೆಗೆ ಬೋರು ಕೊರೆಸಬಾರದೆಂದು ತಾವೇ ಕಟ್ಟು ಮಾಡಿಕೊಂಡರು. ಮಳೆಗಾಲ ಮುಗಿದ ಮೇಲೆ ಊರ ನೀರಿನ ಲೆಕ್ಕ ತೆಗೆದು, ಕುಡಿಯುವುದಕ್ಕೆ ಮತ್ತು ದನಕ್ಕೆ ಮೊದಲು ಎತ್ತಿಟ್ಟು, ಉಳಿದದ್ದರಲ್ಲಿ ಏನು ಬೆಳೆಯಬೇಕೆಂದು ಗ್ರಾಮಸಭೆಯಲ್ಲಿ ನಿರ್ಧರಿಸುತ್ತಾರೆ. ಪವಾರರಿಗೆ ಪದ್ಮಶ್ರೀ ಕೊಟ್ಟದ್ದು ಆಮೇಲಿನ ಮಾತು. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶಕ್ಕೇ ಮೊದಲನೆಯ ಕೃಷಿ ಸಹಕಾರ ಸಂಘ ಕಟ್ಟಿದಾಗಲೂ ನಂಬಿಕೆ ಒಂದೇ: ಒಬ್ಬನ ಬಾಕಿ ಎಲ್ಲರದ್ದೂ ಹೌದು. ದುಡ್ಡಿಗೆ ಆ ಮಾತು ಒಪ್ಪಿಕೊಂಡವರು ನೀರಿಗೆ ಯಾಕೆ ಒಪ್ಪಬಾರದು?

ಆಡಳಿತ ಮಂಡಳಿಯಲ್ಲಿ ಈ ಬಗ್ಗೆ ಜೋರು ಚರ್ಚೆಯಾಗಿದೆ, ಎಲ್ಲರೂ ಒಪ್ಪಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ. ನಮ್ಮ ಸಲಹೆ ಇಷ್ಟು. ಹನಿ ನೀರಾವರಿ ಪೈಪಿಗೆ, ಕೃಷಿ ಹೊಂಡಕ್ಕೆ, ಹಸು ಕುರಿಗೆ ಮಧ್ಯಮಾವಧಿ ಸಾಲ ಕೇಳುವವರಿಗೆ ಮೊದಲ ಸರದಿ ಕೊಡೋಣ. ಇರುವ ಬೋರಿನ ಪಕ್ಕ ಮತ್ತೊಂದು ಕೊರೆಸಲು ಸಂಘದ ದುಡ್ಡು ಹೋಗದಂತೆ ಬೆಳೆ ನೋಡಿ ಸಾಲ ಕೊಡೋಣ. ನೀರುಗಂಟಿಯ ಕೆಲಸಕ್ಕೆ ಒಬ್ಬರನ್ನು ನೇಮಿಸಿ, ಸಂಬಳಕ್ಕೆ ಅಚ್ಚುಕಟ್ಟಿನವರೂ ಬೋರಿನವರೂ ಸೇರಿ ಕೊಡೋಣ. ಕೆರೆ ತುಂಬಿದರೆ ಬೋರಿಗೂ ನೀರು ಬರುತ್ತದಲ್ಲ, ಬೋರಿನವರು ಹಣ ಯಾಕೆ ಕೊಡಬಾರದು? ಸರ್ವ ಸದಸ್ಯರ ಸಭೆಯಲ್ಲಿ ಇದು ಚರ್ಚೆಗೆ ಬರುತ್ತದೆ. ಬೇಡವೆನ್ನುವವರು ಬಂದೇ ಬೇಡವೆನ್ನಬೇಕು, ಮನೆಯಲ್ಲಿ ಕೂತು ಅಲ್ಲ.

ಹಳ್ಳದ ಒತ್ತುವರಿ ಅಳೆಸಿ ಕಲ್ಲು ನೆಡಿಸಿ ಎಂದು ತಹಸೀಲ್ದಾರರಿಗೆ ಬರೆದ ಅರ್ಜಿ ಕಾರ್ಯದರ್ಶಿಗಳ ಮೇಜಿನ ಮೇಲಿದೆ. ಮೊದಲ ಸರ್ವೆ ನಂಬರ್ ನಮ್ಮದು ಬರೆದಿದ್ದೇವೆ. ಆ ನಾಲ್ಕು ತೆಂಗಿನ ಗಿಡದ ಬಗ್ಗೆ ಮನೆಯಲ್ಲಿ ಇನ್ನೂ ಜಗಳ ನಡೆದಿದೆ, ಅದು ನಮ್ಮ ಮನೆಯ ಮಾತು. ಹಳ್ಳದ ಎರಡು ದಂಡೆಯ ಹಿಡುವಳಿದಾರರು ಊಟಕ್ಕೆ ಹೋಗುವ ಮುಂಚೆ ಒಮ್ಮೆ ಆ ಕಾಗದ ನೋಡಬೇಕು. ಸಹಿಗೆ ಜಾಗ ಬಿಟ್ಟಿದ್ದೇವೆ.