ಸೈಕಲ್ಲಿನ ಕೊಳವೆಯೊಳಗಿನ ಜಂಗು
(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರ ಕಲಿಸುವವನು ಸೈಕಲ್ಲಿನ ಮಾತು ಎತ್ತಿದ್ದು ನಿಮಗೆ ಆಶ್ಚರ್ಯವೆನಿಸಬಹುದು. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಹಳ್ಳಿಗಳಲ್ಲಿ ಮೋಟಾರು ಸೈಕಲ್ಲುಗಳು ಎಷ್ಟೇ ಹೆಚ್ಚಿದರೂ ಹಾಲಿನ ಕ್ಯಾನು ಒಯ್ಯಲು, ಮೇವಿನ ಹೊರೆ ತರಲು ಸೈಕಲ್ಲು ಇನ್ನೂ ಬೇಕೇ ಬೇಕು. ೨೦೦೬-೦೭ರಲ್ಲಿ ಆರಂಭವಾದ ಸರ್ಕಾರದ ಯೋಜನೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸಿಕ್ಕ ಸೈಕಲ್ಲುಗಳನ್ನು ಇಂದಿಗೂ ಹೊಲದ ದಾರಿಯಲ್ಲಿ ಕಾಣುತ್ತೇವೆ.

೨೦೧೯ರ ಆಗಸ್ಟ್ ಮತ್ತು ೨೦೨೧ರ ಜುಲೈ ತಿಂಗಳಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿದಾಗ ಮನೆಗಳೊಡನೆ ಇಂಥ ಸೈಕಲ್ಲುಗಳೂ ನೀರಿನಲ್ಲಿ ನಿಂತವು. ನೀರು ಇಳಿದ ಮೇಲೆ ಮೈ ತೊಳೆದು, ಚೈನಿಗೆ ಎಣ್ಣೆ ಬಿಟ್ಟರೆ ಸೈಕಲ್ಲು ಓಡುತ್ತದೆ. ಕೊಳವೆಯೊಳಗೆ ಸೇರಿದ ನೀರು, ರಾಡಿ ಮಾತ್ರ ಅಲ್ಲಿಯೇ ಉಳಿಯುತ್ತವೆ. ಹೊರಗಿನ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನಿಂದ ಉಕ್ಕು ತೆಳುವಾಗುತ್ತ ಹೋಗಿ, ಒಂದು ದಿನ ಹೊರೆಯ ಸಮೇತ ಮುರಿಯುತ್ತದೆ.

ಕಬ್ಬಿಣ, ನೀರು ಮತ್ತು ಗಾಳಿಯ ಆಮ್ಲಜನಕ ಈ ಮೂರೂ ಕೂಡಿದರೆ ಜಂಗು ಹುಟ್ಟುತ್ತದೆ. ಉಪ್ಪು ಸೇರಿದರೆ ಅದರ ವೇಗ ಹೆಚ್ಚುತ್ತದೆ. ನಮ್ಮ ಭಾಗದಲ್ಲಿ ಉಪ್ಪಿಗೆ ಕೊರತೆಯಿಲ್ಲ. ಅತಿಯಾಗಿ ನೀರುಣಿಸಿದ ಕಬ್ಬಿನ ಹೊಲಗಳಲ್ಲಿ ಬೆಳ್ಳಗೆ ಮೇಲೆದ್ದ ಸವಳನ್ನು ನೀವೆಲ್ಲ ಕಂಡಿದ್ದೀರಿ. ಆ ಕೆಸರು ಗಾಲಿಯಿಂದ ಸಿಡಿದು ಸೈಕಲ್ಲಿನ ಮೈಗೆ ಮೆತ್ತುತ್ತದೆ. ಸಾಲದ್ದಕ್ಕೆ ಗೊಬ್ಬರದ ಚೀಲವನ್ನೂ ಅದರ ಮೇಲೆಯೇ ಹೇರುತ್ತೇವೆ. ಪೊಟ್ಯಾಷ್ ಗೊಬ್ಬರವೆಂದು ನಾವು ಕೊಳ್ಳುವ ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಕ್ಲೋರೈಡ್ ಇರುತ್ತದೆ. ಬೆಳೆಗೆ ಪೋಷಕವಾದದ್ದು ಉಕ್ಕಿಗೆ ವೈರಿ.

ನೀರು ಒಳಗೆ ಹೋಗಲು ಪ್ರವಾಹವೇ ಬರಬೇಕೆಂದಿಲ್ಲ. ಸೀಟಿನ ಕಂಬಿ ಇಳಿಯುವಲ್ಲಿ ಕೊಳವೆಗೆ ಸೀಳು ಇರುತ್ತದೆ. ಮಳೆಯಲ್ಲಿ ನಿಂತ ಸೈಕಲ್ಲಿಗೆ ಅದೇ ಬಾಗಿಲು. ಹ್ಯಾಂಡಲ್ಲಿನ ಬುಡದಿಂದಲೂ ನೀರು ಇಳಿಯುತ್ತದೆ. ಹೀಗೆ ಬಂದ ನೀರಿನ ಬಹುಪಾಲು ಪೆಡಲಿನ ಅಚ್ಚು ಕೂರುವ ಅಡ್ಡ ಕೊಳವೆಯಲ್ಲಿ ತಂಗುತ್ತದೆ. ಆದ್ದರಿಂದ ಪರೀಕ್ಷೆಯನ್ನು ಅಲ್ಲಿಂದಲೇ ಆರಂಭಿಸಿ. ಸುತ್ತಲಿನ ಬಣ್ಣ ಗುಳ್ಳೆಯೆದ್ದಿದೆಯೇ ನೋಡಿ. ದಬ್ಬಣದ ಮೊನೆಯಿಂದ ಗಟ್ಟಿಯಾಗಿ ಒತ್ತಿ. ಉಕ್ಕು ಒಳಗೆ ತಗ್ಗಿದರೆ ಅಥವಾ ತೂತು ಬಿದ್ದರೆ ಆ ಚೌಕಟ್ಟಿಗೆ ಔಷಧವಿಲ್ಲ.

ಗಟ್ಟಿಯಾಗಿದ್ದರೆ ಸೀಟಿನ ಕಂಬಿ, ಹ್ಯಾಂಡಲ್, ಪೆಡಲಿನ ಅಚ್ಚು ಎಲ್ಲವನ್ನೂ ಸೈಕಲ್ ಅಂಗಡಿಯಲ್ಲಿ ಬಿಚ್ಚಿಸಿರಿ. ಚೌಕಟ್ಟನ್ನು ತಲೆಕೆಳಗು ಮಾಡಿ ಮರದ ಕೊಡತಿಯಿಂದ ಮೆಲ್ಲನೆ ತಟ್ಟಿದರೆ ಒಣಗಿದ ರಾಡಿ, ಜಂಗಿನ ಪುಡಿ ಉದುರುತ್ತವೆ. ಒಂದು ತುಂಡು ಹಳೆಯ ಚೈನನ್ನು ತಂತಿಗೆ ಕಟ್ಟಿ ಕೊಳವೆಯೊಳಗೆ ಎಳೆದಾಡಿದರೆ ಇನ್ನೂ ಒಳ್ಳೆಯದು. ಬಳಿಕ ಸಿಹಿನೀರಿನಿಂದ ಎರಡು ಮೂರು ಸಲ ಜಾಲಿಸಿ. ಸವಳು ಭೂಮಿಯ ಬೋರಿನ ನೀರು ಬೇಡ. ಎರಡು ದಿನ ಬಿಸಿಲಿನಲ್ಲಿ ಮಗ್ಗುಲು ಬದಲಿಸುತ್ತ ಒಣಗಿಸಿ.

ಇಲ್ಲಿ ಒಂದು ಎಚ್ಚರಿಕೆ. ಹನಿ ನೀರಾವರಿಯ ಕೊಳವೆ ತೊಳೆಯಲು ತಂದ ಹೈಡ್ರೋಕ್ಲೋರಿಕ್ ಆಮ್ಲ ಹಲವರ ಮನೆಯಲ್ಲಿದೆ. ಅದನ್ನು ಸೈಕಲ್ಲಿನೊಳಗೆ ಸುರಿಯಬೇಡಿ. ಜಂಗಿನ ಜೊತೆಗೆ ಉಕ್ಕನ್ನೂ ತಿಂದು, ಸಂದಿಗಳಲ್ಲಿ ಕ್ಲೋರೈಡ್ ಬಿಟ್ಟುಹೋಗುತ್ತದೆ. ಆ ಕ್ಯಾನು ಇಟ್ಟ ಕೋಣೆಯಲ್ಲಿ ಸೈಕಲ್ಲು ನಿಲ್ಲಿಸುವುದೂ ತಪ್ಪು, ಆವಿಯೇ ಸಾಕು. ಜಂಗು ದಪ್ಪವಾಗಿದ್ದರೆ ಬಣ್ಣದ ಅಂಗಡಿಯಲ್ಲಿ ಸಿಗುವ ಫಾಸ್ಫಾರಿಕ್ ಆಮ್ಲದ ಜಂಗು ನಿವಾರಕವನ್ನು ಡಬ್ಬಿಯ ಮೇಲಿನ ಸೂಚನೆಯಂತೆ, ಕೈಗವಸು ಹಾಕಿಕೊಂಡು ಬಳಸಬಹುದು. ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಸೈಕಲ್ಲುಗಳಿಗೆ ಅದರ ಅಗತ್ಯ ಬೀಳುವುದಿಲ್ಲ.

ಮುಖ್ಯ ಉಪಚಾರ ಅಗಸೆ ಎಣ್ಣೆಯದು. ಶೇಂಗಾ, ಔಡಲ ಎಣ್ಣೆಗಳು ಆರುವುದಿಲ್ಲ. ದಿನ ಕಳೆದಂತೆ ಜಾರಿ ಕೆಳಗಿಳಿಯುತ್ತವೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಪೊರೆಯಾಗಿ ಗಟ್ಟಿಯಾಗುತ್ತದೆ. ಹಿಂದಿನವರು ಬಣ್ಣ ಕಲಸಲು ಇದನ್ನೇ ಬಳಸುತ್ತಿದ್ದುದು ಈ ಗುಣಕ್ಕಾಗಿ. ಉಳಿದ ತೆಳು ಜಂಗಿನೊಳಗೂ ಇದು ಇಳಿಯುತ್ತದೆ. ಬಣ್ಣದ ಅಂಗಡಿಯ ಕಾಯಿಸಿದ ಅಗಸೆ ಎಣ್ಣೆಯಾದರೆ ಬೇಗ ಆರುತ್ತದೆ. ೧೦೦ ಮಿಲಿಲೀಟರಿನಷ್ಟು ಎಣ್ಣೆಯನ್ನು ಸೀಟಿನ ಕೊಳವೆಯಿಂದಲೂ ಹ್ಯಾಂಡಲ್ಲಿನ ಕಡೆಯಿಂದಲೂ ಹೊಯ್ದು, ಬಾಯಿಗಳಿಗೆ ಅರಿವೆ ತುರುಕಿ, ಚೌಕಟ್ಟನ್ನು ಎಲ್ಲ ದಿಕ್ಕಿಗೂ ಹೊರಳಿಸಿ. ಮುಂದಿನ ಫೋರ್ಕನ್ನು ಮರೆಯಬೇಡಿ. ಹೆಚ್ಚಾದ ಎಣ್ಣೆ ಸೋರಲು ಬಿಟ್ಟು, ತಿರುಪಿನ ಹಲ್ಲುಗಳನ್ನು ಒರೆಸಿ, ಮೂರು ನಾಲ್ಕು ದಿನ ಆರಿದ ಮೇಲೆ ಗ್ರೀಸು ಹಚ್ಚಿ ಜೋಡಿಸಿ. ಜೋಡಿಸುವ ಮೊದಲು ಪೆಡಲಿನ ಅಡ್ಡ ಕೊಳವೆಯ ತಳಕ್ಕೆ ೪ ಮಿಲಿಮೀಟರಿನ ಒಂದು ತೂತು ಕೊರೆಸಿದರೆ ಮುಂದೆ ಬರುವ ನೀರು ತಾನಾಗಿ ಹೊರಬೀಳುತ್ತದೆ.

ಅಗಸೆ ಎಣ್ಣೆ ತೊಯ್ದ ಅರಿವೆಗಳನ್ನು ಮುದ್ದೆ ಮಾಡಿ ಎಸೆದರೆ ಒಳಗೇ ಕಾವೇರಿ, ಕಿಡಿಯಿಲ್ಲದೆಯೂ ಹೊತ್ತಿಕೊಳ್ಳಬಲ್ಲವು. ಬಣವೆಯ ಹತ್ತಿರ, ತಂಬಾಕಿನ ಕೋಣೆಯಲ್ಲಿ ಇಡುವ ಮಾತೇ ಬೇಡ. ಬಿಡಿಸಿ ಹರವಿ ಒಣಗಿಸಿರಿ, ಇಲ್ಲವೆ ನೀರಿನಲ್ಲಿ ಅದ್ದಿಡಿ.

ಫೋರ್ಕಿನ ಮೇಲ್ಭಾಗ ಹ್ಯಾಂಡಲ್ಲಿನ ಕೊಳವೆಯೊಳಗೆ ಅಡಗಿರುತ್ತದೆ. ಸೈಕಲ್ಲು ಬಿಚ್ಚಿದಾಗ ಅಲ್ಲಿ ಆಳವಾದ ತಿಂದ ಗುರುತು ಕಂಡರೆ ವೆಲ್ಡಿಂಗ್ ಮಾಡಿಸಿ ಉಳಿಸಿಕೊಳ್ಳುವ ಆಸೆ ಬೇಡ. ಹಿಂದಿನ ಕೊಳವೆ ಮುರಿದರೆ ಸೈಕಲ್ಲು ನಿಂತೀತು; ಫೋರ್ಕು ಮುರಿದರೆ ಸವಾರ ಮುಖ ಅಡಿಯಾಗಿ ಬೀಳುತ್ತಾನೆ. ಅದನ್ನು ಗುಜರಿಗೆ ಹಾಕಿ ಹೊಸದು ಹಾಕಿಸಿರಿ.