ಪರಮಾದೇಶದ ಅರ್ಜಿಗೆ ಅಧಿಕಾರಿಯ ಉತ್ತರ



ಯಡ್ರಾಮಿಯ ಸುತ್ತಮುತ್ತ ತೊಗರಿ ಬೆಳೆಯುವ ಒಂದು ರೈತ ಕುಟುಂಬವನ್ನು ಕಲ್ಪಿಸಿಕೊಳ್ಳಿ. ಮನೆಯ ಯಜಮಾನ ತೀರಿಕೊಂಡಿದ್ದಾನೆ. ಹೊಲದ ಖಾತೆಯನ್ನು ತನ್ನ ಹೆಸರಿಗೆ ಮಾಡಿಕೊಡಿರೆಂದು ಅವನ ಹೆಂಡತಿ ಅರ್ಜಿ ಕೊಟ್ಟು ಎರಡು ವರ್ಷ ಕಳೆದಿದೆ. ಪಹಣಿಯಲ್ಲಿ ಹೆಸರಿಲ್ಲದೆ ಬೆಳೆ ಸಾಲ ಹುಟ್ಟುವುದಿಲ್ಲ. ಕಚೇರಿಗೆ ಹೋದಾಗಲೆಲ್ಲ “ಮುಂದಿನ ವಾರ ಬಾರವ್ವ” ಎಂಬ ಮಾತು. ಈಕೆಗೆ ದಾರಿ ಯಾವುದು?

ಸಂವಿಧಾನದ 226ನೇ ವಿಧಿಯ ಪ್ರಕಾರ ಈಕೆ ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸಬಹುದು. ಹಿಂದೆ ಈ ಭಾಗದವರು ಅದಕ್ಕಾಗಿ ಬೆಂಗಳೂರಿಗೇ ಹೋಗಬೇಕಿತ್ತು. 2008ರಲ್ಲಿ ಕಲಬುರಗಿಯಲ್ಲಿ ಸಂಚಾರಿ ಪೀಠ ಆರಂಭವಾಯಿತು. 2013ರಲ್ಲಿ ಅದು ಕಾಯಂ ಪೀಠವಾಯಿತು. ಕಾನೂನು ವಿಧಿಸಿದ ಕರ್ತವ್ಯವನ್ನು ಮಾಡು ಎಂದು ಅಧಿಕಾರಿಗೆ ನ್ಯಾಯಾಲಯ ನೀಡುವ ಅಪ್ಪಣೆಗೆ ಪರಮಾದೇಶ ಎಂದು ಹೆಸರು. ಇಂಗ್ಲಿಷಿನಲ್ಲಿ ಇದನ್ನು ಮ್ಯಾಂಡಮಸ್ ಎನ್ನುತ್ತಾರೆ.

ಅಪ್ಪಣೆ ನೀಡುವ ಮೊದಲು ನ್ಯಾಯಾಲಯ ಅಧಿಕಾರಿಯ ಮಾತನ್ನೂ ಕೇಳುತ್ತದೆ. ಆತ ಆಕ್ಷೇಪಣಾ ಹೇಳಿಕೆಯನ್ನು ಪ್ರಮಾಣಪತ್ರದೊಡನೆ ಸಲ್ಲಿಸುತ್ತಾನೆ. ಈ ಉತ್ತರ ಹೇಗಿದ್ದರೆ ಸಾಕು? ಇಂದಿನ ನಮ್ಮ ಪ್ರಶ್ನೆ ಇದೇ.

ಮೊದಲನೆಯದಾಗಿ, ಉತ್ತರವು ಅರ್ಜಿಯಲ್ಲಿರುವ ಮುಖ್ಯ ಸಂಗತಿಗಳನ್ನು ಒಂದೊಂದಾಗಿ ಮುಟ್ಟಬೇಕು. “ಯಾರ ತಕರಾರೂ ಬಂದಿಲ್ಲ” ಎಂದು ಆಕೆ ಬರೆದಿದ್ದರೆ, ಬಂದಿದೆಯೋ ಇಲ್ಲವೋ ಎಂಬುದನ್ನು ಅಧಿಕಾರಿ ಹೇಳಲೇಬೇಕು. ಸುಮ್ಮನಿದ್ದರೆ? 1993ರಲ್ಲಿ ನಸೀಮ್ ಬಾನೋ ಎಂಬ ಶಿಕ್ಷಕಿಯ ಪ್ರಕರಣದಲ್ಲಿ, ಎದುರು ಪಕ್ಷದವರು ತಮ್ಮ ಉತ್ತರದಲ್ಲಿ ಅಲ್ಲಗಳೆಯದ ಸಂಗತಿಯನ್ನು ವಿವಾದವಿಲ್ಲದ್ದೆಂದೇ ಪರಿಗಣಿಸಬೇಕಿತ್ತು ಎಂದು ಸುಪ್ರೀಂ ಕೋರ್ಟ್ ಹೇಳಿತು.

ಎರಡನೆಯದಾಗಿ, ಹೇಳುವ ಮಾತಿಗೆ ಆಧಾರ ಬೇಕು. ಯಾವುದು ತನಗೆ ನೇರವಾಗಿ ತಿಳಿದದ್ದು, ಯಾವುದು ಕಡತದಿಂದ ಅಥವಾ ಬೇರೆಯವರಿಂದ ತಿಳಿದದ್ದು ಎಂಬುದನ್ನು ಪ್ರಮಾಣಪತ್ರದಲ್ಲಿ ಬೇರ್ಪಡಿಸಿ ಹೇಳಬೇಕೆಂದು 1952ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ಎಚ್ಚರಿಸಿತ್ತು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕಾರಣವನ್ನು ನ್ಯಾಯಾಲಯದ ನೋಟಿಸು ಬಂದ ಮೇಲೆ ಹುಡುಕಬಾರದು. ಮುಂಬಯಿಯ ಅಂಧೇರಿಯಲ್ಲಿ ಗೋರ್ಧನದಾಸ್ ಭಾನಜಿ ಎಂಬವರಿಗೆ ಚಿತ್ರಮಂದಿರ ಕಟ್ಟಲು ಅನುಮತಿ ದೊರೆತಿತ್ತು. ಸರ್ಕಾರದ ನಿರ್ದೇಶನದಂತೆ ಅದನ್ನು ರದ್ದುಪಡಿಸಲಾಗಿದೆ ಎಂದು ಪೊಲೀಸ್ ಕಮಿಷನರ್ ಪತ್ರ ಬರೆದರು. ಮೊಕದ್ದಮೆ ಹೂಡಿದ ಮೇಲೆ, ರದ್ದು ಮಾಡಿದ್ದು ತಾವೇ ಎಂದರು. 1951ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಆದೇಶವನ್ನು ಅದರ ಮಾತುಗಳಿಂದಲೇ ಅರಿಯಬೇಕು, ಆಮೇಲಿನ ವಿವರಣೆಯಿಂದಲ್ಲ ಎಂದಿತು. ಕಮಿಷನರು ಸ್ವತಃ ವಿವೇಚಿಸಿ ತೀರ್ಮಾನಿಸಬೇಕೆಂದು ಆಜ್ಞಾಪಿಸಿತು. 1977ರಲ್ಲಿ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದೇ ತತ್ತ್ವವನ್ನು ಮತ್ತೆ ಎತ್ತಿಹಿಡಿದರು.

ಹಾಗೆಂದು ಅಧಿಕಾರಿ ಯಾವಾಗಲೂ ಸೋಲುತ್ತಾನೆಂದು ತಿಳಿಯಬೇಡಿ. “ಮೃತನ ತಮ್ಮನು ಇಂಥ ದಿನ ತಕರಾರು ಕೊಟ್ಟಿದ್ದಾನೆ, ಇಂಥ ದಿನ ವಿಚಾರಣೆ ಇದೆ, ಇಗೋ ಕಡತದ ಪ್ರತಿ” ಎಂದರೆ ಅದು ತಕ್ಕ ಉತ್ತರ. “ಪರಿಶೀಲನೆಯಲ್ಲಿದೆ” ಎಂಬುದಷ್ಟೇ ಎರಡು ವರ್ಷದ ವಿಳಂಬಕ್ಕೆ ಉತ್ತರವಾಗಲಾರದು. ಆಗಲೂ ಸಾಮಾನ್ಯವಾಗಿ ನ್ಯಾಯಾಲಯ ತಾನೇ ಖಾತೆ ಬದಲಿಸುವುದಿಲ್ಲ. ಇಷ್ಟು ದಿನದೊಳಗೆ ಕಾನೂನಿನಂತೆ ತೀರ್ಮಾನಿಸು ಎಂದು ಅಧಿಕಾರಿಗೆ ಹೇಳುತ್ತದೆ.

ಇದರಲ್ಲಿ ನಿಮಗೂ ಒಂದು ಕೆಲಸವಿದೆ. ಮನೆಯ ಹಿರಿಯರು ಕಚೇರಿಗೆ ಅರ್ಜಿ ಕೊಡುವಾಗ ಜೊತೆಯಲ್ಲಿ ಹೋಗಿ. ಅರ್ಜಿಯ ಒಂದು ಪ್ರತಿ ಇಟ್ಟುಕೊಳ್ಳಿ. ದಿನಾಂಕವಿರುವ ಸ್ವೀಕೃತಿ ಪಡೆಯಿರಿ. ಕೇಳಿದ್ದಕ್ಕೆ ದಾಖಲೆಯಿದ್ದರೆ ಮಾತ್ರ ಉತ್ತರ ಸಾಲದೆಂದು ತೋರಿಸಲು ಸಾಧ್ಯ. ಆ ತಾಯಿಯ ಸೆರಗಿನ ಗಂಟಿನಲ್ಲಿರುವ ಸ್ವೀಕೃತಿ ಚೀಟಿಯೇ ಮುಂದೆ ಹೈಕೋರ್ಟಿನಲ್ಲಿ ಆಕೆಯ ಪರವಾಗಿ ಮಾತನಾಡುತ್ತದೆ.